ಕೆಂಪಿಲ್ಲದ ಬೆಳಕು

1901ರಲ್ಲಿ ನ್ಯೂಯಾರ್ಕಿನ ಪೀಟರ್ ಕೂಪರ್ ಹ್ಯೂಯಿಟ್ ಪಾದರಸದ ಆವಿಯ ದೀಪಕ್ಕೆ ಪೇಟೆಂಟ್ ಪಡೆದರು. ಉದ್ದನೆಯ ಗಾಜಿನ ಕೊಳವೆ, ಒಳಗೆ ಒಂದಿಷ್ಟು ಪಾದರಸ. ಅಷ್ಟೇ ವಿದ್ಯುತ್ತಿನಲ್ಲಿ ಆಗಿನ ಬಲ್ಬಿಗಿಂತ ಅದು ಎಷ್ಟೋ ಹೆಚ್ಚು ಬೆಳಕು ಕೊಡುತ್ತಿತ್ತು. ಆದರೂ ಮನೆಯೊಳಗೆ ಯಾರೂ ಸೇರಿಸಲಿಲ್ಲ. ಅದರಡಿ ಕೂತವರ ಮುಖ ಹೆಣದಂತೆ ಹಸಿರುಗಟ್ಟುತ್ತಿತ್ತು, ತುಟಿ ಕಪ್ಪಿಡುತ್ತಿತ್ತು.

ಪಾದರಸದ ಆವಿ ನೇರಳೆ, ನೀಲಿ, ಹಸಿರು, ಹಳದಿಯ ಕೆಲವೇ ಗೆರೆಗಳಲ್ಲಿ ಬೆಳಕು ಚೆಲ್ಲುತ್ತದೆ. ಕೆಂಪು ಇಲ್ಲವೆನ್ನುವಷ್ಟು ಕಡಿಮೆ. ಮೇಲೆ ಬೀಳದ ಬೆಳಕನ್ನು ಯಾವ ವಸ್ತು ತಾನೇ ಹಿಂದಿರುಗಿಸೀತು? ಕೆಂಪು ಹೂವೂ ಅಲ್ಲಿ ಕಪ್ಪೇ. ಫೋಟೋ ಸ್ಟುಡಿಯೋದವರಿಗೆ ಮಾತ್ರ ಇದರಿಂದ ನಷ್ಟವಿರಲಿಲ್ಲ. ಆ ಕಾಲದ ಪ್ಲೇಟುಗಳಿಗೆ ಕೆಂಪು ಹೇಗೂ ಕಾಣುತ್ತಿರಲಿಲ್ಲ. ಶುರುವಿನ ಸಿನಿಮಾಗಳೂ ಈ ದೀಪದಡಿ ತಯಾರಾದವು.

1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟಿನೊಳಗೂ ಪಾದರಸವೇ. ಕೊಳವೆಗೆ ಬಳಿದ ಪುಡಿ ಅದರ ಅತಿನೇರಳೆ ಕಿರಣವನ್ನು ಬಿಳಿ ಬೆಳಕಾಗಿಸುತ್ತಿತ್ತು. ಬಿಳಿ ಎಂದರೆ ನೋಡಲಿಕ್ಕೆ ಬಿಳಿ, ಅಷ್ಟೆ. ಅದರಲ್ಲಿ ಯಾವ ಬಣ್ಣ ಎಷ್ಟಿದೆಯೆಂದು ಬರಿಗಣ್ಣಿಗೆ ತಿಳಿಯುವಂತಿರಲಿಲ್ಲ.

ಹಾಗಾಗಿ ಅಳತೆ ಬೇಕಾಯಿತು. 1965ರಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗ 'ಸಿಆರ್‌ಐ' ಎಂಬ ಅಂಕ ಪದ್ಧತಿ ಪ್ರಕಟಿಸಿತು. 8 ಮಾದರಿ ಬಣ್ಣಗಳು ದೀಪದಡಿ ಎಷ್ಟು ಬದಲಾಗುತ್ತವೆಂದು ಲೆಕ್ಕಹಾಕಿ ಸರಾಸರಿ ತೆಗೆಯುವುದು, ಪೂರ್ಣಾಂಕ 100. ಎಡವಟ್ಟಾದದ್ದು ಇಲ್ಲೇ. ಆ ಎಂಟೂ ಮಂದ ಬಣ್ಣಗಳು. ಗಾಢ ಕೆಂಪು ಒಂಬತ್ತನೆಯದಾಗಿ ಪಟ್ಟಿಯಲ್ಲಿತ್ತು, ಸರಾಸರಿಗೆ ಸೇರಲಿಲ್ಲ.

ಈಗಿನ ಸಾಮಾನ್ಯ ಎಲ್‌ಇಡಿಯಲ್ಲಿ ನೀಲಿ ಚಿಪ್ಪಿನ ಮೇಲೆ ಹಳದಿ ಪುಡಿಯ ಲೇಪವಿರುತ್ತದೆ. ಅಲ್ಲೂ ಕೊರತೆ ಬೀಳುವುದು ಕೆಂಪೇ. ಡಬ್ಬಿಯ ಮೇಲೆ 80 ಅಂಕವಿದ್ದರೂ ಆ ಒಂಬತ್ತನೆಯ ಅಂಕ ಶೂನ್ಯದ ಆಸುಪಾಸಿನಲ್ಲಿರಬಹುದು. ದಾದರಿನಲ್ಲಾಗಲಿ ಟಿ. ನಗರದಲ್ಲಾಗಲಿ, ಕುಂಕುಮ ಬಣ್ಣದ ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ನೋಡುವ ಹೆಂಗಸರು ನಡೆಸುವುದು ಈ ಒಂಬತ್ತನೆಯ ಪರೀಕ್ಷೆಯನ್ನೇ.

ಸೀರೆಯಾದರೆ ಬದಲಾಯಿಸಿಕೊಳ್ಳಬಹುದು. ಆಸ್ಪತ್ರೆಯ ಮಾತು ಬೇರೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ತುಟಿ, ಉಗುರು ನೀಲಿಗಟ್ಟುತ್ತವೆ. ಆಮ್ಲಜನಕವಿರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ವ್ಯತ್ಯಾಸ ಎದ್ದು ಕಾಣುವುದು ಕೆಂಪು ಬೆಳಕಿನಲ್ಲಿ, 660 ನ್ಯಾನೊಮೀಟರಿನ ಸುತ್ತ. ದೀಪದಲ್ಲಿ ಅದೇ ಕಡಿಮೆಯಿದ್ದರೆ ಆರೋಗ್ಯವಂತನೂ ನೀಲಿಗಟ್ಟಿದಂತೆ ಕಂಡಾನು. ಕೆಂಪು ಅತಿಯಾದರೆ ನಿಜವಾದ ನೀಲಿ ಮರೆಯಾದೀತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಇದಕ್ಕೆಂದೇ ಆಸ್ಪತ್ರೆಯ ದೀಪಗಳಿಗೆ ಪ್ರತ್ಯೇಕ ಸೂಚ್ಯಂಕವನ್ನು ನಿಗದಿಪಡಿಸಿದವು. ಅದರ ಮಿತಿ 3.3, ಅದನ್ನು ಮೀರಿದ ದೀಪ ರೋಗಿಯನ್ನು ಪರೀಕ್ಷಿಸುವ ಕಡೆ ಸಲ್ಲದು.