ಹರಾಜು ಎಂಬ ಮಾತು

ನಮ್ಮ ಕಡೆ ಹರಾಜು ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಸಾಲ ತೀರದವನ ಜಮೀನು ಹರಾಜಿಗೆ ಬರುತ್ತದೆ, ಅಡವಿಟ್ಟ ಒಡವೆ ಹರಾಜಾಗುತ್ತದೆ. ಮನುಷ್ಯರ ವಿಷಯಕ್ಕೆ ಬಂದರೆ ಹರಾಜಾಗುವುದು ಮಾನವೊಂದೇ. ಹೆಣ್ಣುಮಕ್ಕಳು ಹೊಸದೇನಕ್ಕಾದರೂ ಕೈಹಾಕಿದರೆ ಈ ಮಾತು ಹಿರಿಯರ ಬಾಯಿಗೆ ಬಲು ಬೇಗ ಬರುತ್ತಿದ್ದುದನ್ನು ಕೇಳುತ್ತಲೇ ನಾನು ಬೆಳೆದೆ. ಹಾಗಾಗಿ 2023ರ ಫೆಬ್ರವರಿ 13ರಂದು ಮುಂಬೈಯಲ್ಲಿ ಮಹಿಳಾ ಪ್ರೀಮಿಯರ್ ಲೀಗಿಗಾಗಿ ಆಟಗಾರ್ತಿಯರ ಹರಾಜು ಎಂದಾಗ ಮನಸ್ಸಿಗೆ ಕೊಂಚ ಕಸಿವಿಸಿಯಾಯಿತು. ಸಂಜೆಯ ಹೊತ್ತಿಗೆ ಆ ಮಾತಿನ ಅರ್ಥವೇ ಬದಲಾಗಿತ್ತು. ಐದು ತಂಡಗಳು 87 ಆಟಗಾರ್ತಿಯರನ್ನು ಆರಿಸಿಕೊಂಡಿದ್ದವು. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಸ್ಮೃತಿ ಮಂಧಾನ ಅವರಿಗೆ 3 ಕೋಟಿ 40 ಲಕ್ಷ ರೂಪಾಯಿ ಕೂಗಿತು. ಕಲಬುರಗಿ ಕಡೆಯ ಇಪ್ಪತ್ತರ ಹುಡುಗಿ ಶ್ರೇಯಾಂಕಾ ಪಾಟೀಲಳನ್ನು 10 ಲಕ್ಷಕ್ಕೆ ತೆಗೆದುಕೊಂಡಿತು.

ಈ ಹಣದ ಬೆಲೆ ತಿಳಿಯಬೇಕಾದರೆ ಹಿಂದಿನ ಲೆಕ್ಕವನ್ನು ನೋಡಬೇಕು. ಭಾರತದ ಮಹಿಳಾ ಕ್ರಿಕೆಟ್ ಸಂಘ ಹುಟ್ಟಿದ್ದು 1973ರಲ್ಲಿ. ಭಾರತದ ಹೆಣ್ಣುಮಕ್ಕಳ ಮೊಟ್ಟಮೊದಲ ಟೆಸ್ಟ್ ಪಂದ್ಯ 1976ರ ಅಕ್ಟೋಬರ್ 31ರಂದು ನಮ್ಮ ಬೆಂಗಳೂರಿನಲ್ಲಿಯೇ, ಈಗ ಚಿನ್ನಸ್ವಾಮಿ ಕ್ರೀಡಾಂಗಣ ಎನ್ನುವ ಮೈದಾನದಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ ಆರಂಭವಾಯಿತು. ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವೂ ಬಂತು. ಮರುವರ್ಷ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ ಹೊಡೆದ ಶತಕ ಭಾರತೀಯ ಮಹಿಳೆಯೊಬ್ಬಳ ಮೊದಲ ಟೆಸ್ಟ್ ಶತಕ. ಇಷ್ಟೆಲ್ಲ ಮಾಡಿದವರು ಕಾಯ್ದಿರಿಸದ ರೈಲು ಡಬ್ಬಿಗಳಲ್ಲಿ ಹಾಸಿಗೆಯನ್ನು ತಾವೇ ಹೊತ್ತು ಊರೂರು ತಿರುಗಿದ್ದನ್ನು ಶಾಂತಾ ಅವರೇ ಹೇಳಿಕೊಂಡಿದ್ದಾರೆ. ಆಟ ಅನ್ನ ಕೊಡುತ್ತಿರಲಿಲ್ಲ. ಅನ್ನಕ್ಕೆ ಶಾಂತಾ ಕೆನರಾ ಬ್ಯಾಂಕಿನಲ್ಲಿ ದುಡಿದರು. ಮುಂದಿನ ತಲೆಮಾರಿನ ಹಲವರನ್ನು ಸಾಕಿದ್ದು ರೈಲ್ವೆ ಇಲಾಖೆಯ ನೌಕರಿ.

2006ರಲ್ಲಿ ಮಹಿಳಾ ಸಂಘ ಭಾರತೀಯ ಕ್ರಿಕೆಟ್ ಮಂಡಳಿಯಲ್ಲಿ ಸೇರಿಹೋಯಿತು. ಎರಡು ವರ್ಷಕ್ಕೆ ಗಂಡಸರ ಐಪಿಎಲ್ ಶುರುವಾಯಿತು. ಹೆಂಗಸರು ಮಾತ್ರ ಇನ್ನೂ ಹದಿನೈದು ವರ್ಷ ಕಾಯಬೇಕಾಯಿತು. ಕಡೂರಿನ ವೇದಾ ಕೃಷ್ಣಮೂರ್ತಿ ಆಡಿದ್ದ 2017ರ ವಿಶ್ವಕಪ್ ಫೈನಲನ್ನು ಭಾರತ ಲಾರ್ಡ್ಸ್‌ನಲ್ಲಿ ಬರೀ 9 ರನ್ನಿನಿಂದ ಸೋತಿತು. ಆಗ ದೇಶಕ್ಕೆ ಹೆಂಗಸರ ಆಟ ಕಣ್ಣಿಗೆ ಬಿತ್ತು. ಆದರೂ ಮಂಡಳಿ 2018ರಲ್ಲಿ ಕೊಟ್ಟದ್ದು ಒಂದೇ ಒಂದು ಪ್ರದರ್ಶನ ಪಂದ್ಯ.

ಕೊನೆಗೆ ಲೀಗ್ ಬಂದಾಗ ನಮ್ಮ ತಂಡ ಮೊದಲ ಐದು ಪಂದ್ಯಗಳನ್ನೂ ಸಾಲಾಗಿ ಸೋತಿತು. ಗೇಲಿ ಮಾಡಿದವರಿಗೆ ಬರವಿರಲಿಲ್ಲ. ಮರುವರ್ಷ ಚಿನ್ನಸ್ವಾಮಿಯಲ್ಲಿ ಆಟ ನಡೆದಾಗ ಕೇರಳದ ಆಶಾ ಶೋಭನಾ ಒಂದೇ ಪಂದ್ಯದಲ್ಲಿ 22 ರನ್ನಿಗೆ 5 ವಿಕೆಟ್ ಕಿತ್ತರು. ವಯಸ್ಸು ಮೂವತ್ತು ದಾಟಿತ್ತು, ದೇಶದ ಪರ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆ ಮೇ ತಿಂಗಳಲ್ಲಿ, 33ನೆಯ ವಯಸ್ಸಿನಲ್ಲಿ, ಆಶಾ ಭಾರತ ತಂಡಕ್ಕೆ ಕಾಲಿಟ್ಟರು. ಇಂಥ ಲೀಗ್ ಇಲ್ಲದ ಕಾಲದಲ್ಲಿ ಎಷ್ಟು ಆಶಾಗಳು ಮೂವತ್ತಕ್ಕೆ ಮುಂಚೆಯೇ ಬ್ಯಾಟು ಚೆಂಡುಗಳನ್ನು ಅಟ್ಟಕ್ಕೆ ಹಾಕಿದರೋ, ಲೆಕ್ಕ ಇಟ್ಟವರಾರು?

2024ರ ಮಾರ್ಚ್ 17, ದಿಲ್ಲಿಯಲ್ಲಿ ಫೈನಲ್. ಡೆಲ್ಲಿ ಕ್ಯಾಪಿಟಲ್ಸ್ ವಿಕೆಟ್ ಕಳೆದುಕೊಳ್ಳದೆ 64 ರನ್ ಗಳಿಸಿ 113ಕ್ಕೆ ಮುಗಿಯಿತು. ಸೋಫಿ ಮೊಲಿನ್ಯೂ ಒಂದೇ ಓವರಿನಲ್ಲಿ ಮೂವರನ್ನು ಉರುಳಿಸಿದರು. ಶ್ರೇಯಾಂಕಾ 12 ರನ್ನಿಗೆ ನಾಲ್ಕು ವಿಕೆಟ್ ಪಡೆದಳು. ಎಂಟು ವಿಕೆಟ್ ಗೆಲುವು. ಗಂಡಸರ ತಂಡ ಹದಿನಾರು ವರ್ಷಗಳಲ್ಲಿ ತಾರದ ಕಪ್ಪನ್ನು ಹೆಂಗಸರು ಎರಡನೆಯ ವರ್ಷವೇ ತಂದರು. ಗಂಡಸರಿಗೆ ಅದು ದಕ್ಕಿದ್ದು 2025ರಲ್ಲಿ. ವರ್ಷವರ್ಷವೂ ‘ಈ ಸಲ ಕಪ್ ನಮ್ದೇ’ ಎಂದು ಕೂಗುತ್ತಿದ್ದ ನಮಗೆ, ಸಾಂಗ್ಲಿಯಲ್ಲಿ ಬೆಳೆದ ಸ್ಮೃತಿ ಕನ್ನಡದಲ್ಲಿಯೇ ‘ಈ ಸಲ ಕಪ್ ನಮ್ದು’ ಎಂದರು. ವ್ಯಾಕರಣ ಬಲ್ಲವರು ಗಮನಿಸಿರಬೇಕು: ‘ನಮ್ದೇ’ಯ ಕೊನೆಯ ಏಕಾರದಲ್ಲಿ ಹಟವಿದೆ, ಒಳಗೊಂದು ಅಳುಕೂ ಇದೆ. ‘ನಮ್ದು’ ಎನ್ನುವವರಿಗೆ ಹಟದ ಅಗತ್ಯವಿಲ್ಲ.

ಇದನ್ನೆಲ್ಲ ನೋಡಿ ಹಿಗ್ಗುವಾಗಲೂ ನನ್ನೊಳಗಿನ ಲೆಕ್ಕಿಗ ಸುಮ್ಮನಿರುವುದಿಲ್ಲ. ಬೆಂಗಳೂರು ತಂಡವನ್ನು ನಡೆಸುವ ಹಕ್ಕಿಗೆ ಒಡೆಯರು ಮಂಡಳಿಗೆ ಒಪ್ಪಿಕೊಂಡದ್ದು 901 ಕೋಟಿ. ಮೊದಲ ಹರಾಜಿನಲ್ಲಿ ಇಡೀ ತಂಡದ ಆಟಗಾರ್ತಿಯರಿಗೆಂದು ಇದ್ದ ಮಿತಿ 12 ಕೋಟಿ. ಅಂದು ಆಯ್ಕೆಯಾದ 87 ಮಂದಿಯಲ್ಲಿ 30 ಜನ ಪರದೇಶದವರು. ಉಳಿದದ್ದು 57 ಜಾಗ, ಇಷ್ಟು ದೊಡ್ಡ ದೇಶಕ್ಕೆ! ಲೀಗಿನ ಆಯುಷ್ಯವೂ ವರ್ಷದಲ್ಲಿ ಒಂದು ತಿಂಗಳಿಗಿಂತ ಹೆಚ್ಚಿಲ್ಲ. ಉಳಿದ ತಿಂಗಳುಗಳಲ್ಲಿ, ಈ 57ರ ಆಚೆಗಿರುವ ಹುಡುಗಿಯರಿಗೆ ಆಟ ಈಗಲೂ ಅನ್ನವಲ್ಲ, ಆಸೆ ಮಾತ್ರ.

ಆದರೆ ಆಸೆಗೂ ಒಂದು ಬೆಲೆಯಿದೆ. ಶಾಂತಾ ಅವರ ಕಾಲದಲ್ಲಿ ಮಗಳು ಬ್ಯಾಟು ಹಿಡಿದು ಹೊರಟರೆ ‘ಇದರಿಂದ ಮುಂದೇನು?’ ಎಂದು ಕೇಳುವ ಅಪ್ಪನಿಗೆ ಕೊಡಲು ಉತ್ತರವಿರಲಿಲ್ಲ. ಅವರು ಉತ್ತರವಿಲ್ಲದೆಯೇ ಆಡಿದರು. ಅದಕ್ಕೇ ಅವರು ದೊಡ್ಡವರು. ಇಂದು ಕಲಬುರಗಿಯಲ್ಲೋ ಕಡೂರಿನಲ್ಲೋ ಅದೇ ಪ್ರಶ್ನೆ ಕೇಳಿಸಿಕೊಳ್ಳುವ ಹುಡುಗಿ ಒಂದು ಸಂಬಳದ ಅಂಕಿಯನ್ನು ಹೇಳಬಲ್ಲಳು. ಅಪ್ಪ ನಂಬದಿರಬಹುದು. ಆದರೆ ನಗುವಂತಿಲ್ಲ.