ಮಿಂಚಿ ಮಾಯವಾಗುವ ಹೊಳಪಿಗೆ ಗಡಿಯಾರ

ನೀರಿನಲ್ಲಿ ಒಂದಿಷ್ಟು ಫ್ಲೂರೆಸೀನ್ ಬಣ್ಣ ಕರಗಿಸಿ ಅತಿನೇರಳೆ ದೀಪದೆದುರು ಹಿಡಿಯಿರಿ. ದ್ರಾವಣ ಹಸಿರಾಗಿ ಹೊಳೆಯುತ್ತದೆ. ದೀಪ ಆರಿಸಿದೊಡನೆ ಹೊಳಪೂ ಆರುತ್ತದೆ. ಕಣ್ಣಿಗೆ ಎರಡೂ ಒಂದೇ ಕ್ಷಣದಲ್ಲಿ ನಡೆದಂತೆ ಕಾಣುತ್ತದೆ. ವಾಸ್ತವದಲ್ಲಿ ಬೆಳಕನ್ನು ಹೀರಿ ಉದ್ರಿಕ್ತಗೊಂಡ ಅಣು ಸರಾಸರಿ 4 ನ್ಯಾನೋಸೆಕೆಂಡು ಅದೇ ಸ್ಥಿತಿಯಲ್ಲಿರುತ್ತದೆ. ಅಷ್ಟರಲ್ಲಿ ನಿರ್ವಾತದಲ್ಲಿ ಬೆಳಕು ಸಾಗುವುದೇ 1.2 ಮೀಟರ್. ಇದನ್ನು ಅಳೆಯುವ ಗಡಿಯಾರ ಯಾವುದು ಎಂದು ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

'ಫ್ಲೂರೆಸೆನ್ಸ್' ಎಂಬ ಹೆಸರನ್ನು 1852ರಲ್ಲಿ ಕೊಟ್ಟವರು ಸ್ಟೋಕ್ಸ್. ಕನ್ನಡದಲ್ಲಿ ನಾವು ಪ್ರತಿದೀಪ್ತಿ ಎನ್ನುತ್ತೇವೆ. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ರಂಧ್ರಗಳುಳ್ಳ ಎರಡು ತಿರುಗುವ ತಟ್ಟೆಗಳ ನಡುವೆ ವಸ್ತುವನ್ನಿಟ್ಟರು. ಬೆಳಕು ಒಂದು ತಟ್ಟೆಯ ರಂಧ್ರದಿಂದ ಬೀಳುತ್ತದೆ. ತುಸು ತಡವಾಗಿ ಇನ್ನೊಂದರ ರಂಧ್ರ ಕಣ್ಣಿನೆದುರು ಬರುತ್ತದೆ. ಯುರೇನಿಯಂ ಲವಣಗಳ ಹೊಳಪು ಹೀಗೆ ಸಿಕ್ಕಿತು. ಆದರೆ ತಟ್ಟೆಯನ್ನು ಎಷ್ಟೇ ವೇಗವಾಗಿ ತಿರುಗಿಸಿದರೂ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಆಚೆಗೆ ಹೋಗುವುದು ಕಷ್ಟ. ಫ್ಲೂರೆಸೀನ್‌ನಂತಹ ಬಣ್ಣಗಳ ಹೊಳಪು ಅದರಲ್ಲಿ ಕಾಣುವುದೇ ಇಲ್ಲ.

ಹಾಗಾದರೆ ಅದು ನಿಜಕ್ಕೂ ತತ್‌ಕ್ಷಣದ್ದೇ? ಈ ಪ್ರಶ್ನೆಗೆ 1916ರ ನಂತರ ಹೊಸ ತೂಕ ಬಂತು. ಉದ್ರಿಕ್ತ ಸ್ಥಿತಿ ತಾನಾಗಿ ಬೆಳಕು ಸೂಸುವುದಕ್ಕೆ ಒಂದು ನಿಶ್ಚಿತ ಸಂಭಾವ್ಯತೆ ಇದೆ ಎಂದು ಐನ್‌ಸ್ಟೈನ್ ಹೇಳಿದ್ದರು. ಅದು ಸರಿಯಾದರೆ ಆ ಸ್ಥಿತಿಗೊಂದು ಸರಾಸರಿ ಆಯುಷ್ಯ ಇರಲೇಬೇಕು, ಅದು ಸೊನ್ನೆಯಾಗುವಂತಿಲ್ಲ.

ಅರ್ಜೆಂಟೀನಾದಿಂದ ಬರ್ಲಿನ್ನಿಗೆ ಬಂದಿದ್ದ ಎನ್ರಿಕೆ ಗವಿಯೋಲಾ 1926ರಲ್ಲಿ ತಟ್ಟೆಯ ಬದಲು ಕೆರ್ ಕೋಶ ಬಳಸಿದರು. ಪರಸ್ಪರ ಲಂಬವಾಗಿಟ್ಟ ಎರಡು ಧ್ರುವಕಗಳ ನಡುವೆ ನೈಟ್ರೋಬೆಂಜೀನ್ ತುಂಬಿದ ಕೋಶವಿಟ್ಟರೆ ಬೆಳಕು ದಾಟದು. ವೋಲ್ಟೇಜ್ ಕೊಟ್ಟಾಗ ದಾಟುತ್ತದೆ. ವೋಲ್ಟೇಜ್ ಏರಿಳಿದಂತೆ ಬೆಳಕೂ ಏರಿಳಿಯುತ್ತದೆ. ಅದು ಬಿದ್ದ ಬಣ್ಣದ ಹೊಳಪೂ ಏರಿಳಿಯುತ್ತದೆ, ಆದರೆ ತುಸು ಹಿಂದೆ ಬಿದ್ದು. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ ಒಂದು ಕೋಟಿ ಏರಿಳಿತಗಳಿದ್ದರೆ 4 ನ್ಯಾನೋಸೆಕೆಂಡಿನ ಆಯುಷ್ಯ ಸುಮಾರು 14 ಡಿಗ್ರಿ ಪ್ರಾವಸ್ಥಾ ವ್ಯತ್ಯಾಸ ಕೊಡುತ್ತದೆ. ಇದು ಅಳೆಯಬಹುದಾದದ್ದೇ. ಗವಿಯೋಲಾ ಪಡೆದ ಬೆಲೆಗಳು ಇಂದಿನವಕ್ಕೆ ಹತ್ತಿರವಾಗಿಯೇ ಇವೆ.

1960ರಲ್ಲಿ ಲೇಸರ್ ಬಂತು. 1966ರ ಹೊತ್ತಿಗೆ ಪಿಕೋಸೆಕೆಂಡಿನ, ಅಂದರೆ ನ್ಯಾನೋಸೆಕೆಂಡಿನ ಸಾವಿರದ ಒಂದು ಭಾಗದ ಅಳತೆಯ ಸ್ಪಂದಗಳು ದೊರೆತವು. ಈಗ ತೊಂದರೆ ತಲೆಕೆಳಗಾಯಿತು! ಬೆಳಕು ಅತಿ ವೇಗದ್ದು, ಅದನ್ನು ಹಿಂಬಾಲಿಸಲಾರದಷ್ಟು ನಿಧಾನದ್ದು ವಿದ್ಯುನ್ಮಾನ ಉಪಕರಣ. 1969ರಲ್ಲಿ ಬೆಲ್ ಪ್ರಯೋಗಾಲಯದ ಡುಗ್ವೇ ಮತ್ತು ಹ್ಯಾನ್ಸನ್ ಕಂಡುಕೊಂಡ ಪರಿಹಾರ ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ತೋರುತ್ತದೆ. ಅದು ಮತ್ತೆ ಕೆರ್ ಕೋಶವೇ. ಆದರೆ ತಂತಿಯಿಲ್ಲ, ವೋಲ್ಟೇಜ್ ಇಲ್ಲ. ಕಾರ್ಬನ್ ಡೈಸಲ್ಫೈಡ್ ದ್ರವದ ಮೂಲಕ ಹಾಯುವ ಲೇಸರ್ ಸ್ಪಂದದ ವಿದ್ಯುತ್ ಕ್ಷೇತ್ರವೇ ಬಾಗಿಲು ತೆರೆಯುತ್ತದೆ! ಸ್ಪಂದದ ಒಂದು ಪಾಲು ಬಣ್ಣವನ್ನು ಉದ್ರೇಕಿಸುತ್ತದೆ. ಇನ್ನೊಂದು ಪಾಲು ತುಸು ಸುತ್ತುದಾರಿ ಹಿಡಿದು ಬಂದು ಬಾಗಿಲು ತೆರೆಯುತ್ತದೆ. ದಾರಿ 0.3 ಮಿಲಿಮೀಟರ್ ಉದ್ದವಾದರೆ ಒಂದು ಪಿಕೋಸೆಕೆಂಡು ತಡ. ಗಡಿಯಾರದ ಕೆಲಸವನ್ನು ಅಳತೆಪಟ್ಟಿ ಮಾಡಿತು ಎನ್ನಬಹುದು. ಇದೇ ಬಾಗಿಲನ್ನು ಕ್ಯಾಮೆರಾ ಮುಂದಿಟ್ಟು, ಹಾಲು ಬೆರೆಸಿದ ನೀರಿನಲ್ಲಿ ಸಾಗುತ್ತಿದ್ದ ಬೆಳಕಿನ ತುಣುಕಿನ ಚಿತ್ರವನ್ನೂ ಡುಗ್ವೇ ತೆಗೆದರು.

ಇಂದು ಹಲವು ಪ್ರಯೋಗಾಲಯಗಳಲ್ಲಿರುವುದು ಬೇರೊಂದು ವಿಧಾನ. ಅದರ ಮೂಲ 1961ರ ಬೋಲಿಂಜರ್ ಮತ್ತು ಥಾಮಸ್ ಅವರ ಕೆಲಸ. ಪ್ರತಿ ಸ್ಪಂದಕ್ಕೆ ಒಂದಕ್ಕಿಂತ ಹೆಚ್ಚು ಫೋಟಾನ್ ಸಿಗದಷ್ಟು ಹೊಳಪನ್ನು ಕುಗ್ಗಿಸಿ, ಅದು ಬಂದ ಸಮಯ ಗುರುತಿಸಿ, ಲಕ್ಷಾಂತರ ಸಲ ಹೀಗೆ ಮಾಡಿ ಎಣಿಕೆಯ ನಕ್ಷೆ ಬರೆಯುತ್ತಾರೆ. ಒಂದೇ ಬಗೆಯ ಅಣು, ಒಂದೇ ಪರಿಸರವಾದರೆ ಲಾಗರಿತಮ್ ಮಾಪನದಲ್ಲಿ ಸರಳರೇಖೆ ಬರುತ್ತದೆ. ಅದರ ಇಳಿಜಾರಿನಿಂದ ಆಯುಷ್ಯ ತಿಳಿಯುತ್ತದೆ. ಈಥರ್‌ನಲ್ಲಿ ಕರಗಿಸಿದ ಕ್ಲೋರೊಫಿಲ್‌ಗೆ ಅದು ಸುಮಾರು 5 ನ್ಯಾನೋಸೆಕೆಂಡು. ಹಸಿರೆಲೆಯೊಳಗಿನ ಕ್ಲೋರೊಫಿಲ್‌ನ ಹೊಳಪು ಇದಕ್ಕಿಂತ ಬಹಳ ಬೇಗ ಇಳಿಯುತ್ತದೆ, ರೇಖೆಯೂ ಬಾಗುತ್ತದೆ. ಏಕೆಂದರೆ ಅಲ್ಲಿ ಶಕ್ತಿಗೆ ಬೇರೆ ದಾರಿಗಳಿವೆ. ಹೊಳೆಯುವ ಮೊದಲೇ ಅದು ದ್ಯುತಿಸಂಶ್ಲೇಷಣೆಗೆ ಸೇರಿಹೋಗಿರುತ್ತದೆ.