ಗಾಜನೂರು: ಆನೆ, ಅಣೆಕಟ್ಟು ಮತ್ತು ಒಂದು ಊರಿನ ಹೆಸರು

ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿ ಹಿಡಿದವರಿಗೆ ಗಾಜನೂರು ಎಂದರೆ ತುಂಗೆಯ ಅಣೆಕಟ್ಟು, ಅದರ ಹಿನ್ನೀರಿನಂಚಿಗೆ ಸಕ್ರೆಬೈಲಿನ ಆನೆ ಬಿಡಾರ. ಮಳೆಗಾಲದಲ್ಲಿ ಪತ್ರಿಕೆಗಳು ಈ ಊರನ್ನು ನೆನೆಯುವುದು 588.24 ಮೀಟರ್ ಎಂಬ ಪೂರ್ಣ ಮಟ್ಟದ ಅಳತೆಯೊಂದಿಗೆ. ಹೀಗಿರುವಾಗ ಗಜಗಳ ಊರೇ ಗಾಜನೂರಾಯಿತು ಎಂಬ ವಿವರಣೆ ಸುಲಭವಾಗಿ ನಾಲಿಗೆಗೆ ಬರುತ್ತದೆ. ಆದರೆ ಬಿಡಾರವೂ ಅಣೆಕಟ್ಟೂ ಇತ್ತೀಚಿನವು. ಊರಿನ ಚರಿತ್ರೆಯನ್ನು ಅವುಗಳಿಂದ ಆರಂಭಿಸುವುದು ಬಾಲದಿಂದ ಎತ್ತನ್ನು ಹಿಡಿದಂತೆ. ಕೈಗೆ ಸಿಗುವ ಅತ್ಯಂತ ಹಳೆಯ ಸಾಕ್ಷ್ಯ ಹೆಸರೇ ಎಂಬುದು ನನ್ನ ವಾದ.

ಹೆಸರನ್ನು ಬಿಡಿಸಿದರೆ 'ಗಾಜನ ಊರು'. ಆನೆ ನಪುಂಸಕಲಿಂಗ, ಷಷ್ಠಿಯಲ್ಲಿ 'ಗಜದ' ಆಗಬೇಕೇ ಹೊರತು 'ಗಜನ' ಅಲ್ಲ. ಮೇಲಾಗಿ ಮೊದಲಕ್ಷರದ ದೀರ್ಘಕ್ಕೆ 'ಗಜ'ದಲ್ಲಿ ಕಾರಣ ಸಿಗದು. ಹಳಗನ್ನಡದಲ್ಲಿ 'ಮರನ್' ಮೊದಲಾದ ನಪುಂಸಕ ಪದಗಳಿಗೂ ನಕಾರವಿತ್ತಲ್ಲ ಎಂದು ಆಕ್ಷೇಪಿಸಬಹುದು. ಇತ್ತು, ನಿಜ, ಆದರೆ ಅವುಗಳ ಷಷ್ಠಿ ಆಗಲೂ 'ಮರದ'ವೇ. ತಾಳವಾಡಿ ಬಳಿಯ ದೊಡ್ಡ ಗಾಜನೂರನ್ನು, ಅಂದರೆ ಡಾ. ರಾಜ್‌ಕುಮಾರ್ ಅವರ ಊರನ್ನು, ಮುಂದಿಟ್ಟು ಅಲ್ಲಿಯೂ ಆನೆಕಾಡಿದೆ ಎನ್ನುವವರಿಗೆ ಉತ್ತರ ಇದೇ: ಕಾಡು ಎರಡೂ ಕಡೆ ಇರಬಹುದು, ವ್ಯಾಕರಣ ಎರಡೂ ಕಡೆ ಒಂದೇ. ಗಾಜ ಎಂಬವನು ಇದ್ದನೆಂದು ಇಷ್ಟರಿಂದ ಸಾಬೀತಾಗದು. ಆನೆಯನ್ನು ಹೊರಗಿಡಲು ಮಾತ್ರ ಇಷ್ಟು ಸಾಕು.

ಇನ್ನು ಹೆಸರಿನ ಕೊನೆಯ 'ಊರು'. ನದಿಯ ಗುಂಟ ಮೇಲಕ್ಕೆ ಹೋದರೆ ಸಿಗುವ ಹೆಸರುಗಳು ಸಕ್ರೆಬೈಲು, ಮಂಡಗದ್ದೆ. ಬೈಲು, ಗದ್ದೆ ಎರಡೂ ಸಾಗುವಳಿ ನೆಲದ ಮಾತುಗಳು. ಮಲೆನಾಡಿನಲ್ಲಿ ಮನೆಗಳು ಅವರವರ ಗದ್ದೆಯ ಅಂಚಿಗೆ ಚದುರಿ ನಿಲ್ಲುವುದರಿಂದ ನೆಲದ ಹೆಸರೇ ನೆಲೆಯ ಹೆಸರಾಗುತ್ತದೆ. ಕಾಡು ಸಡಿಲಗೊಂಡು ಬಯಲು ತೆರೆಯುವಲ್ಲಿ ಮಾತ್ರ 'ಊರು' ಕಾಣಿಸಿಕೊಳ್ಳುತ್ತದೆ. ಕೋಣಂದೂರು ಅಪ್ಪಟ ಮಲೆನಾಡಿನದೇ ಆದ್ದರಿಂದ ಇದನ್ನು ನಿಯಮವೆನ್ನಲಾರೆ. ಆದರೂ ಒಂದೇ ನದಿಯ ಒಂದು ಸಣ್ಣ ಹರವಿನಲ್ಲಿ ಈ ವ್ಯತ್ಯಾಸ ಕಾಣುವುದನ್ನು ಆಕಸ್ಮಿಕವೆಂದು ತಳ್ಳಲು ಮನಸ್ಸೊಪ್ಪದು. ಮಲೆಯಿಂದ ಬಯಲಿಗೆ ನೀರಿಳಿಯುವ ಈ ಬಾಗಿಲನ್ನೇ ಎಂಜಿನಿಯರುಗಳೂ ಆರಿಸಿಕೊಂಡರು. ಇಲ್ಲಿಂದ ಹೊರಟ ನಾಲೆ ಹಾವೇರಿ ಸೀಮೆಯನ್ನು ಮುಟ್ಟುತ್ತದೆ.

ಬರಿಯ ಹೆಸರಿನಿಂದ ಚರಿತ್ರೆ ಕಟ್ಟಲಾದೀತೇ? ದೂರದ ಒಂದು ನಿದರ್ಶನ ನೋಡಿ. ಕ್ಯಾಲಿಫೋರ್ನಿಯಾ ಕರಾವಳಿಯ ಚುಮಾಶ್ ಜನರ ಹುಮಾಲಿವೊ ಎಂಬ ಹಳ್ಳಿ ಇಂದು ಮಲಿಬು ಎಂಬ ಹೆಸರಿನಲ್ಲಷ್ಟೇ ಉಳಿದಂತೆ ತೋರುತ್ತದೆ. ಆದರೆ 1782ರಲ್ಲಿ ಸ್ಥಾಪಿತವಾದ ಸ್ಯಾನ್ ಬ್ಯೂನವೆಂತುರಾ ಮೊದಲಾದ ಸ್ಪ್ಯಾನಿಷ್ ಮಿಷನ್‌ಗಳು ದೀಕ್ಷಾಸ್ನಾನ ಕೊಟ್ಟವರ ಹೆಸರಿನ ಜೊತೆಗೆ ಅವರ ಹುಟ್ಟೂರನ್ನೂ ಬರೆದಿಟ್ಟವು. ಹಳ್ಳಿಗಳನ್ನು ಬರಿದುಮಾಡಿದ ಕಡತಗಳಿಂದಲೇ ವಿದ್ವಾಂಸರು ಮುಂದೆ ಆ ಹಳ್ಳಿಗಳ ಪಟ್ಟಿಯನ್ನೂ ನೆಂಟಸ್ತಿಕೆಯನ್ನೂ ಕಟ್ಟಿದರು. ಗಾಜನೂರು ಚುಮಾಶರ ಆ ಹಳ್ಳಿಗಳಂತೆ ಬರಿದಾಗಲಿಲ್ಲ, ಹೋಲಿಕೆಗೆ ಆ ಮಿತಿಯಿದೆ; ಕಡತದ ಗುಣ ಮಾತ್ರ ಒಂದೇ. ಭೂಸ್ವಾಧೀನದ ಕಾಗದ ನೆಲವನ್ನು ಕಸಿಯುವಾಗ ಸರ್ವೆ ನಂಬರು, ವಿಸ್ತೀರ್ಣ, ಹಿಡುವಳಿದಾರರ ಹೆಸರನ್ನು ದಾಖಲಿಸಲೇಬೇಕು. ತುಂಗಾ ಮೇಲ್ದಂಡೆ ಯೋಜನೆಯ ಇಂದಿನ ಅಣೆಕಟ್ಟು ತುಸು ಕೆಳಗೆ ಎದ್ದಾಗ ಅದಕ್ಕೂ ಮೊದಲು ಇಲ್ಲಿದ್ದ ಹಳೆಯ ಒಡ್ಡೂ ನೀರಿನಡಿ ಸೇರಿತು. ಆ ಒಡ್ಡಿಗಿಂತ ಹಿಂದಿನ ನದಿದಂಡೆಯನ್ನು ನೋಡಬೇಕಾದವರು ಹುಡುಕಬೇಕಾದದ್ದು ಹಿನ್ನೀರನ್ನಲ್ಲ, ತಾಲ್ಲೂಕು ಕಚೇರಿಯ ಆ ಕಟ್ಟುಗಳನ್ನು.